ಕ್ಲಿಂಗಾನರ ಹಣೆಬರಹ

ಬೇಸಗೆ ರಜೆಗೆಂದು ತುಮಕೂರಿಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಎರಡು ಮುಖಗಳನ್ನು ಅಕ್ಕಪಕ್ಕ ನಿಲ್ಲಿಸಿ, ‘ಮಾವ, ಇವರಿಬ್ಬರೂ ಒಂದೇ ಕುಲದವರಂತೆ. ನಂಬೋ ಹಾಗಿದೆಯಾ?’ ಎಂದು ಕೇಳಿದ. ಎಡಗಡೆಯವನು 1967ರವನು. ಮುಖಕ್ಕೆ ಕಂಚಿನ ಬಣ್ಣ ಬಳಿದಿದ್ದರು, ಹುಬ್ಬನ್ನು ಮೇಲಕ್ಕೆ ತೀಡಿದ್ದರು, ತುಟಿಯ ಎರಡೂ ಬದಿಗೆ ತೆಳು ಮೀಸೆ ಇಳಿಬಿದ್ದಿತ್ತು. ಹಣೆ ಮಾತ್ರ ನಮ್ಮ ನಿಮ್ಮದರಂತೆಯೇ ನುಣುಪಾಗಿತ್ತು. ಬಲಗಡೆಯವನು 1990ರ ಸುಮಾರಿನವನು. ಅವನ ಹುಬ್ಬಿನಿಂದ ನೆತ್ತಿಯವರೆಗೆ ಬೆಟ್ಟದ ಸಾಲಿನಂತೆ ಮೂಳೆಯ ಏಣುಗಳೆದ್ದಿದ್ದವು, ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಕೂದಲು ಹೆಗಲು ಮುಟ್ಟುತ್ತಿತ್ತು. ಇಬ್ಬರ ಹೆಸರಿನ ಕೆಳಗೂ ‘ಕ್ಲಿಂಗಾನ್’ ಎಂದೇ ಬರೆದಿತ್ತು.

ಹುಡುಗನ ಅನುಮಾನ ಹೊಸದೇನಲ್ಲ. ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನ ಕಥಾಸರಣಿ 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಮೊದಲಾಗಿ, ಧಾರಾವಾಹಿಗಳಾಗಿ, ಸಿನಿಮಾಗಳಾಗಿ ಕವಲೊಡೆಯುತ್ತ ಅರವತ್ತು ವರ್ಷದ ಹತ್ತಿರಕ್ಕೆ ಬಂದಿದೆ. ಭೂಮಿಯೂ ಸೇರಿದಂತೆ ಹಲವು ಗ್ರಹಗಳು ಕೂಡಿ ಕಟ್ಟಿಕೊಂಡ ಒಕ್ಕೂಟವೊಂದು ಅದರ ಕಥಾಲೋಕದ ನಡುವಿನಲ್ಲಿದೆ. ಆ ಒಕ್ಕೂಟಕ್ಕೆ ಮೊದಲು ಹಗೆಯಾಗಿ, ಆಮೇಲೆ ಅರೆಮನಸ್ಸಿನ ಗೆಳೆಯನಾಗಿ ನಿಂತದ್ದು ಕ್ಲಿಂಗಾನ್ ಸಾಮ್ರಾಜ್ಯ. ಇಷ್ಟು ದೀರ್ಘವಾದ ಕಥೆಯಲ್ಲಿ ಒಂದು ಕಾಲ್ಪನಿಕ ಜನಾಂಗ ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಉಳಿಯಬೇಕೆಂದು ನಿರೀಕ್ಷಿಸುವುದು ಹೆಚ್ಚೆಂದೇ ಹೇಳಬೇಕು. ಆದರೂ ಕ್ಲಿಂಗಾನರ ವಿಷಯದಲ್ಲಿ ಆಗಿರುವ ಗೊಂದಲ ಬೇರೆ ಯಾವ ಅನ್ಯಗ್ರಹವಾಸಿಗಳ ವಿಷಯದಲ್ಲೂ ಆಗಿಲ್ಲ.

ಈ ಗೊಂದಲವನ್ನು ಬಿಡಿಸಿಕೊಳ್ಳಲು ಎರಡು ಪಂಚಾಂಗಗಳನ್ನು ಎದುರಿಗಿಟ್ಟುಕೊಳ್ಳಬೇಕು. ಒಂದು, ಧಾರಾವಾಹಿ ಯಾವ ವರ್ಷ ತಯಾರಾಯಿತು ಎಂಬುದರದು. ಇನ್ನೊಂದು, ಅದರ ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬುದರದು. ಇವೆರಡೂ ಒಂದೇ ಸಾಲಿನಲ್ಲಿ ಹೋಗುವುದಿಲ್ಲ. ಮೊದಲ ಧಾರಾವಾಹಿಯ ಕಥೆ 2260ರ ದಶಕದಲ್ಲಿ ನಡೆಯುತ್ತದೆ. 1987ರಲ್ಲಿ ಬಂದ ‘ನೆಕ್ಸ್ಟ್ ಜನರೇಷನ್’ನ ಕಥೆ 2364ರಲ್ಲಿ ಆರಂಭವಾಗುತ್ತದೆ. ಆದರೆ 2001ರಲ್ಲಿ ಶುರುವಾದ ‘ಎಂಟರ್‌ಪ್ರೈಸ್’ ಹಿಂದಕ್ಕೆ ಜಿಗಿದು 2151ಕ್ಕೆ ಹೋಗುತ್ತದೆ, 2017ರ ‘ಡಿಸ್ಕವರಿ’ 2256ಕ್ಕೆ ಬಂದು ನಿಲ್ಲುತ್ತದೆ. ಹೀಗಾಗಿ ತಯಾರಿಕೆಯ ಪಂಚಾಂಗದಲ್ಲಿ ನೋಡಿದರೆ ಕ್ಲಿಂಗಾನರು ನುಣುಪು ಹಣೆಯವರಾಗಿ ಹುಟ್ಟಿ ಕ್ರಮೇಣ ಏಣು ಬೆಳೆಸಿಕೊಂಡವರು. ಕಥೆಯ ಪಂಚಾಂಗದಲ್ಲಿ ನೋಡಿದರೆ ಏಣಿನೊಂದಿಗೇ ಇದ್ದವರು, ನಡುವೆ ಒಂದಷ್ಟು ಕಾಲ ಅದನ್ನು ಕಳೆದುಕೊಂಡು ಮತ್ತೆ ಪಡೆದವರು. ‘ಏಕೆ ಬದಲಾದರು’ ಎಂಬ ಪ್ರಶ್ನೆಗೆ ಒಂದೊಂದು ಪಂಚಾಂಗದಲ್ಲಿ ಒಂದೊಂದು ಉತ್ತರವಿದೆ. ಜಗಳವಾಡುವವರಲ್ಲಿ ಹೆಚ್ಚಿನವರು ಒಬ್ಬರು ಒಂದನ್ನೂ ಇನ್ನೊಬ್ಬರು ಮತ್ತೊಂದನ್ನೂ ಹಿಡಿದುಕೊಂಡು ಮಾತಾಡುತ್ತಿರುತ್ತಾರೆ.

ಮೊದಲ ಪಂಚಾಂಗದ ಉತ್ತರ ಸರಳ: ದುಡ್ಡಿರಲಿಲ್ಲ. ಕ್ಲಿಂಗಾನರು ಮೊದಲ ಬಾರಿ ಕಾಣಿಸಿಕೊಂಡದ್ದು 1967ರ ಮಾರ್ಚ್ 23ರಂದು ಪ್ರಸಾರವಾದ, ಜೀನ್ ಎಲ್. ಕೂನ್ ಬರೆದ ‘ಎರಂಡ್ ಆಫ್ ಮರ್ಸಿ’ ಎಂಬ ಕಂತಿನಲ್ಲಿ. ಅದರಲ್ಲಿ ಕೋರ್ ಎಂಬ ದಳಪತಿಯ ಪಾತ್ರ ವಹಿಸಿದ ಜಾನ್ ಕೊಲಿಕೋಸ್ ಅವರೂ ಪ್ರಸಾಧನಕಾರ ಫ್ರೆಡ್ ಫಿಲಿಪ್ಸ್ ಅವರೂ ಕೂಡಿ ಗೆಂಘಿಸ್ ಖಾನನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮುಖವನ್ನು ರೂಪಿಸಿದರು. ವಾರಕ್ಕೊಂದು ಕಂತು ಮುಗಿಸಬೇಕಾದವರ ಕೈಯಲ್ಲಿ ಇದ್ದದ್ದು ಬಣ್ಣ, ಕೃತಕ ಕೂದಲು, ಅಂಟು ಇಷ್ಟೇ. ಅದೇ ಸರಣಿಯ ಇನ್ನೊಂದು ಹಗೆಯ ಜನಾಂಗವಾದ ರಾಮ್ಯುಲನ್ನರಿಗೆ ಮೊನಚು ಕಿವಿಗಳನ್ನು ಅಂಟಿಸಬೇಕಾಗಿತ್ತು. ಆ ಖರ್ಚು ಉಳಿಸಲು 1966ರಲ್ಲಿ ಹಿಂದಿನ ಸಾಲಿನ ರಾಮ್ಯುಲನ್ ಸೈನಿಕರಿಗೆಲ್ಲ ಕಿವಿ ಮುಚ್ಚುವಂಥ ಶಿರಸ್ತ್ರಾಣ ತೊಡಿಸಿಬಿಟ್ಟಿದ್ದರು. ಕ್ಲಿಂಗಾನರಿಗೆ ಆ ತಾಪತ್ರಯವೂ ಇರಲಿಲ್ಲ. ಬಣ್ಣ ಬಳಿದು ನಿಲ್ಲಿಸಿದರೆ ಕ್ಲಿಂಗಾನ್ ಸಿದ್ಧ.

ಆ ಬಣ್ಣವಾದರೂ ಒಂದೇ ಸಮನಾಗಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ‘ದ ಟ್ರಬಲ್ ವಿತ್ ಟ್ರಿಬಲ್ಸ್’ ಕಂತಿನಲ್ಲಿ ಕೊಲೊತ್ ಎಂಬ ಕ್ಲಿಂಗಾನನ ಮುಖದಲ್ಲಿ ಕಂಚು ಹೆಚ್ಚುಕಡಿಮೆ ಮಾಯವಾಗಿತ್ತು; ಗಡ್ಡವನ್ನು ಟ್ರಿಮ್ ಮಾಡಿಸಿಕೊಂಡ ಬ್ಯಾಂಕ್ ಮ್ಯಾನೇಜರರಂತೆ ಅವನು ಕಾಣುತ್ತಾನೆ. 1968ರಲ್ಲಿ ಕಾಂಗ್ ಎಂಬ ಇನ್ನೊಬ್ಬ ಕ್ಲಿಂಗಾನ್ ಬಂದಾಗ ಬಣ್ಣ ಮತ್ತೆ ಗಾಢವಾಯಿತು. ಹಗೆಯನ್ನು ಮಂಗೋಲನಂತೆ, ಕಪ್ಪಾಗಿ, ಓರೆ ಹುಬ್ಬಿನಿಂದ ಚಿತ್ರಿಸಿದ್ದರಲ್ಲಿ ಅಂದಿನ ಅಮೆರಿಕದ ಪೂರ್ವಗ್ರಹವಿತ್ತು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ರಾಕ್ಷಸನೆಂದರೆ ಕೈ ತಾನಾಗಿಯೇ ಕಾಡಿಗೆಯ ಡಬ್ಬಿಯ ಕಡೆ ಹೋಗುವ ರಂಗಭೂಮಿಯ ನಡುವೆ ಬೆಳೆದ ನಾವು ಆ ಟೀಕೆಯನ್ನು ತೀರ ಗತ್ತಿನಿಂದ ಮಾಡುವಂತಿಲ್ಲ.

ರಂಗಭೂಮಿಯ ಮಾತು ಬಂದದ್ದರಿಂದ ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ನಮ್ಮೂರು ಗುಬ್ಬಿ ತಾಲ್ಲೂಕಿನದು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ನೆಲ ಅದು. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರಂತೆ ಎಂಬ ಮಾತನ್ನು ಕೇಳದೆ ಅಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ನಮ್ಮೂರಿನವರಿಗೆ ಆನೆ ತರುವ ತಾಕತ್ತಿಲ್ಲದಿದ್ದರೂ ಜಾತ್ರೆಯ ಮಾರನೆಯ ರಾತ್ರಿ ಪೌರಾಣಿಕ ನಾಟಕ ತಪ್ಪುತ್ತಿರಲಿಲ್ಲ. ಕಿರೀಟ, ಭುಜಕೀರ್ತಿ, ಗದೆ, ಪರದೆ ಎಲ್ಲವೂ ತುಮಕೂರಿನಿಂದ ಬಾಡಿಗೆಗೆ ಬರುತ್ತಿದ್ದವು. ಒಂದು ವರ್ಷ ರಾಯಭಾರದ ದೃಶ್ಯದಲ್ಲಿ ಕೃಷ್ಣನ ಮೇಲೆ ಗರ್ಜಿಸುತ್ತಿದ್ದ ದುರ್ಯೋಧನನ ಮೀಸೆಯ ಅಂಟು ಬೆವರಿಗೆ ಬಿಟ್ಟು, ಅರ್ಧ ಮೀಸೆ ತುಟಿಯ ಮೇಲೆ ಜೋತಾಡತೊಡಗಿತು. ಪಾತ್ರಧಾರಿ ಕಂದಪದ್ಯದ ನಡುವೆಯೇ ಅದನ್ನು ಕಿತ್ತು ನಡುಪಟ್ಟಿಗೆ ಸಿಕ್ಕಿಸಿಕೊಂಡು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಎಳೆದು ಹಿಡಿದಿರುವಷ್ಟರಲ್ಲಿ ಮುಂದಿನ ಸಾಲಿಗೆ ಹೋದ. ಜನ ಒಮ್ಮೆ ನಕ್ಕು ಸುಮ್ಮನಾದರು. ಮೀಸೆಯಿಲ್ಲದ ದುರ್ಯೋಧನನೇ ಬೆಳಗಿನವರೆಗೆ ರಾಜ್ಯವಾಳಿದ. ಇನ್ನೊಂದು ವರ್ಷ ಅದೇ ಪಾತ್ರಕ್ಕೆ ಮೆತ್ತನೆಯ ಸ್ವಭಾವದವರೊಬ್ಬರು ನಿಂತರು. ಮೀಸೆ ಭದ್ರವಾಗಿತ್ತು, ಕಿರೀಟ ಹೊಸದಾಗಿತ್ತು. ಆದರೂ ಮುಂದಿನ ಸಾಲಿನ ಹಿರಿಯರು, ‘ಇವನು ಧರ್ಮರಾಯನ ಪಾರ್ಟು ಮಾಡಬೇಕಾಗಿತ್ತು’ ಎಂದು ಮಧ್ಯರಾತ್ರಿಗೇ ಚಾಪೆ ಸುತ್ತಿಕೊಂಡರು.

ಮುಖ ತಪ್ಪಿದರೆ ನಡೆದೀತು, ಗುಣ ತಪ್ಪಿದರೆ ನಡೆಯದು ಎಂಬುದು ನಮ್ಮೂರಿನ ನೋಟಕರ ಕಾಯಿದೆ. ಕ್ಲಿಂಗಾನರ ನೋಟಕರು ಇದರ ತಿರುವುಮುರುವು. ಹಣೆ ಬದಲಾದದ್ದಕ್ಕೆ ಕಾರಣ ಕೇಳಿ ಅವರು ಕಾಲು ಶತಮಾನ ಕಾದರು. ಅದಕ್ಕಿಂತ ದೊಡ್ಡದಾಗಿ ಗುಣ ಬದಲಾದದ್ದನ್ನು ಯಾರೂ ಕೇಳಲೇ ಇಲ್ಲ.

ಹಣೆ ಬದಲಾದದ್ದು 1979ರ ಡಿಸೆಂಬರಿನಲ್ಲಿ, ಸರಣಿಯ ಮೊದಲ ಸಿನಿಮಾದಲ್ಲಿ. ಟಿವಿಯ ಪುಡಿಗಾಸಿನ ಬದಲು ಸಿನಿಮಾದ ಹಣ ಕೈಗೆ ಬಂದೊಡನೆ ಕ್ಲಿಂಗಾನರ ತಲೆಯ ಮೇಲೆ ಬೆನ್ನುಮೂಳೆಯೇ ಹತ್ತಿ ಬಂದಂತೆ, ಹಿಂಗತ್ತಿನಿಂದ ನೆತ್ತಿಯ ಮೇಲೆ ಹಾದು ಮೂಗಿನ ಬುಡದವರೆಗೆ ಒಂದೇ ಒಂದು ಉದ್ದನೆಯ ಏಣು ಬಂತು. ಆ ಹಡಗಿನಲ್ಲಿದ್ದವರೆಲ್ಲರ ಹಣೆಯೂ ಒಂದೇ ಅಚ್ಚಿನದು. ಹಳೆಯ ನೋಟಕರು ಬೆಚ್ಚಿದಾಗ ಸರಣಿಯ ಜನಕ ಜೀನ್ ರಾಡನ್‌ಬೆರಿಯವರ ನಿಲುವು ಹೀಗಿತ್ತು: ಕ್ಲಿಂಗಾನರು ಮೊದಲಿನಿಂದಲೂ ಹೀಗೆಯೇ ಇದ್ದರು, ತೋರಿಸಲು ನಮಗೆ ಶಕ್ತಿಯಿರಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಇದು ಅತ್ಯಂತ ಪ್ರಾಮಾಣಿಕವಾದ ಉತ್ತರ. ಇದನ್ನು ಒಪ್ಪಿಕೊಂಡಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

1984ರ ಮೂರನೆಯ ಸಿನಿಮಾದಲ್ಲಿ ಏಣುಗಳು ತಗ್ಗಿ, ಒಬ್ಬೊಬ್ಬನ ಹಣೆ ಒಂದೊಂದು ಬಗೆಯಾಯಿತು. ಆದರೆ ಆ ಸಿನಿಮಾದ ಮುಖ್ಯ ಬದಲಾವಣೆ ಕಣ್ಣಿಗೆ ಕಾಣುವಂಥದಲ್ಲ. ಅದರ ಕಥೆಯಲ್ಲಿ ಖಳರಾಗಬೇಕೆಂದು ಮೊದಲು ಯೋಚಿಸಿದ್ದು ರಾಮ್ಯುಲನ್ನರನ್ನು. ಆಮೇಲೆ ಅವರ ಜಾಗಕ್ಕೆ ಕ್ಲಿಂಗಾನರು ಬಂದರು. ರಾಮ್ಯುಲನ್ನರ ‘ಬೇಟೆಹಕ್ಕಿ’ ಎಂಬ ಹಡಗು, ಅದನ್ನು ಕಣ್ಣಿಗೆ ಕಾಣದಂತೆ ಮಾಡುವ ಯಂತ್ರ ಇವೆಲ್ಲವೂ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಸಾಮಾನಿನಂತೆ ಕ್ಲಿಂಗಾನರ ಪಾಲಿಗೆ ಉಳಿದವು. ಸಾಮಾನಿನ ಜೊತೆಗೆ ಸ್ವಭಾವವೂ ಕೈಬದಲಾಯಿತು. ಕರ್ತವ್ಯಕ್ಕೆ ಕಟ್ಟುಬಿದ್ದು ಮಾನವೇ ಪ್ರಾಣವೆನ್ನುವ ಯೋಧ 1966ರಲ್ಲಿ ರಾಮ್ಯುಲನ್ ಆಗಿದ್ದ. ಆಗಿನ ಕ್ಲಿಂಗಾನನಾದರೋ ಗೂಢಚಾರಿಕೆಯವನು, ಒತ್ತೆಯಾಳುಗಳನ್ನು ಹಿಡಿದು ಊರನ್ನು ಹೆದರಿಸುವವನು, ತನ್ನ ಕೋಣೆಯಲ್ಲಿ ತನ್ನವರೇ ತನ್ನ ಮೇಲೆ ಕಣ್ಣಿಟ್ಟಿರುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವನು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಣ ಶೀತಲ ಸಮರದ ನೆರಳು ಅವನ ಮೇಲೆ ದಟ್ಟವಾಗಿತ್ತು. 1968ರ ಫೆಬ್ರವರಿಯ ಒಂದು ಕಂತಿನಲ್ಲಿ ಕ್ಲಿಂಗಾನರು ಬಿಲ್ಲುಬಾಣದ ಹಂತದಲ್ಲಿರುವ ಒಂದು ಗುಂಪಿಗೆ ಗುಟ್ಟಾಗಿ ಬಂದೂಕು ಹಂಚುತ್ತಾರೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಅದನ್ನು ನೋಡಿದವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕ್ಲಿಂಗಾನ್ ಇಪ್ಪತ್ತು ವರ್ಷದಲ್ಲಿ ತಿರುಗಾಮುರುಗಾ ಆದ. 1987ರ ಧಾರಾವಾಹಿಯಲ್ಲಿ ವರ್ಫ್ ಎಂಬ ಕ್ಲಿಂಗಾನನೇ ಒಕ್ಕೂಟದ ಹಡಗಿನ ಅಧಿಕಾರಿಯಾಗಿ ಕಾಣಿಸಿಕೊಂಡ. ಪಾತ್ರಧಾರಿ ಮೈಕಲ್ ಡಾರ್ನ್, ಪ್ರಸಾಧನ ಮೈಕಲ್ ವೆಸ್ಟ್‌ಮೋರ್ ಅವರದು. ಮೊದಲ ವರ್ಷ ವರ್ಫ್ ಹೆಗಲಿಂದ ಹಾಕಿಕೊಂಡಿದ್ದ ಚಿನ್ನದ ಬಣ್ಣದ ಪಟ್ಟಿ 1960ರ ದಶಕದ ಕ್ಲಿಂಗಾನ್ ಉಡುಪಿನದೇ. ಎರಡನೆಯ ವರ್ಷ ಅದರ ಜಾಗಕ್ಕೆ ಲೋಹದ ಪಟ್ಟಿ ಬಂತು, ಹಣೆಯ ಏಣೂ ಬೇರೆಯಾಯಿತು. ಒಬ್ಬನೇ ಪಾತ್ರಧಾರಿ, ಒಂದೇ ಪಾತ್ರ, ಆದರೂ ಹಣೆ ಎರಡು ಬಗೆ ಎಂಬುದನ್ನು ಅಕ್ಕನ ಮಗ ಕಂಡುಹಿಡಿದು ನನಗೆ ತೋರಿಸಿದ. ನಾನು ಎಷ್ಟೋ ವರ್ಷಗಳಿಂದ ನೋಡಿಯೂ ಗಮನಿಸಿರಲಿಲ್ಲ.

ಕ್ಲಿಂಗಾನರಿಗೆ ಒಂದು ಸಂಸ್ಕೃತಿಯನ್ನು ಕಟ್ಟಿಕೊಟ್ಟವರಲ್ಲಿ ಲೇಖಕ ರೊನಾಲ್ಡ್ ಡಿ. ಮೂರ್ ಮುಖ್ಯರು. 1990ರ ‘ಸಿನ್ಸ್ ಆಫ್ ದ ಫಾದರ್’ ಎಂಬ ಕಂತಿನಲ್ಲಿ ನಾವು ಮೊದಲ ಬಾರಿ ಕ್ಲಿಂಗಾನರ ತಾಯ್ನೆಲವನ್ನು ನೋಡುತ್ತೇವೆ. ಸತ್ತುಹೋದ ವರ್ಫ್‌ನ ತಂದೆ ಮೋಘ್ ಹಗೆಗಳಿಗೆ ಕೋಟೆಯ ಬಾಗಿಲು ತೆರೆದುಕೊಟ್ಟ ದ್ರೋಹಿ ಎಂಬ ಆರೋಪ ಬಂದಿರುತ್ತದೆ. ನಿಜವಾದ ದ್ರೋಹಿ ಬೇರೊಂದು ಪ್ರಬಲ ಮನೆತನದವನೆಂದು ವರ್ಫ್‌ನಿಗೂ ತಿಳಿಯುತ್ತದೆ, ಸಭೆಯ ಮುಖ್ಯಸ್ಥನಿಗೂ ತಿಳಿದಿರುತ್ತದೆ. ಆದರೆ ಸತ್ಯ ಹೊರಬಿದ್ದರೆ ಸಾಮ್ರಾಜ್ಯ ಒಡೆಯುತ್ತದೆ. ಆಗ ವರ್ಫ್ ಕಳಂಕವನ್ನು ತಾನೇ ಹೊತ್ತುಕೊಳ್ಳಲು ಒಪ್ಪುತ್ತಾನೆ. ದೀಪ ಮಂಕಾದ ಸಭಾಂಗಣದಲ್ಲಿ ಒಬ್ಬೊಬ್ಬರೇ ಎದ್ದು, ಮುಷ್ಟಿ ಬಿಗಿದ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಹಾಯಿಸಿ, ಅವನಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಒಡಹುಟ್ಟಿದ ತಮ್ಮನೂ ಬೆನ್ನು ತಿರುಗಿಸಲೇಬೇಕಾಗುತ್ತದೆ. ಕುಲದಿಂದ ಹೊರಗೆ ಹಾಕುವುದು, ಊರೊಟ್ಟಿನವರು ಬೆಂಕಿ ನೀರು ಬಿಡಿಸುವುದು ಎಂಬ ಮಾತುಗಳನ್ನು ಅಜ್ಜಿಯ ಬಾಯಲ್ಲಿ ಕೇಳಿದ ನನಗೆ ಆ ದೃಶ್ಯಕ್ಕೆ ಯಾವ ಅಡಿಟಿಪ್ಪಣಿಯೂ ಬೇಕಾಗಲಿಲ್ಲ. ಗಮನಿಸಬೇಕಾದದ್ದೇನೆಂದರೆ, 1967ರ ಕೋರ್ ಇಂಥ ಸಭೆಯಲ್ಲಿದ್ದಿದ್ದರೆ ಸುಳ್ಳನ್ನು ಲಾಭಕ್ಕೆ ಬಳಸಿಕೊಂಡು ನಗುತ್ತಿದ್ದ. ಇವರಿಬ್ಬರ ನಡುವಿನ ಅಂತರದ ಮುಂದೆ ಹಣೆಯ ಏಣು ಏನೂ ಅಲ್ಲ.

ದೇಹದ ಒಳಗಿನ ವಿವರಗಳೂ ಆ ವರ್ಷಗಳಲ್ಲೇ ಸೇರಿಕೊಂಡವು. 1992ರ ಒಂದು ಕಂತಿನ ಪ್ರಕಾರ ಕ್ಲಿಂಗಾನನಿಗೆ 23 ಪಕ್ಕೆಲುಬು, ಎರಡು ಪಿತ್ತಜನಕಾಂಗ, ಎಂಟು ಕೋಣೆಗಳ ಹೃದಯ. 1991ರ ಸಿನಿಮಾದಲ್ಲಿ ಅವರ ರಕ್ತ ನೇರಳೆ ಮಿಶ್ರಿತ ಗುಲಾಬಿ. ಉಳಿದ ಕಡೆಗಳಲ್ಲಿ ಕೆಂಪು. ಇದನ್ನೂ ಯಾರೂ ಅಷ್ಟಾಗಿ ಕೆದಕಲಿಲ್ಲ. ಆ ಸಿನಿಮಾ ಬಿಡುಗಡೆಯಾದದ್ದು 1991ರ ಡಿಸೆಂಬರ್ 6ರಂದು. ಕ್ಲಿಂಗಾನರಿಗೆ ಶಕ್ತಿ ಒದಗಿಸುತ್ತಿದ್ದ ಚಂದ್ರವೊಂದು ಸ್ಫೋಟಗೊಂಡು, ಸಾಮ್ರಾಜ್ಯ ಕುಸಿಯುವ ಹಂತಕ್ಕೆ ಬಂದು, ಒಕ್ಕೂಟದ ಜೊತೆ ಸಂಧಾನಕ್ಕೆ ಕೂರುತ್ತದೆ. ಚೆರ್ನೋಬಿಲ್ ದುರಂತವನ್ನೂ ಬರ್ಲಿನ್ ಗೋಡೆ ಬಿದ್ದದ್ದನ್ನೂ ನೆನೆದು ಹೆಣೆದ ಕಥೆ ಅದು. ತೆರೆಗೆ ಬಂದು ಮೂರು ವಾರ ತುಂಬುವುದರೊಳಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು.

ಈಗ ಎರಡನೆಯ ಪಂಚಾಂಗಕ್ಕೆ ಬರೋಣ. ಕಥೆಯೊಳಗೆ ಈ ಹಣೆಯ ರಹಸ್ಯಕ್ಕೆ ಉತ್ತರ ಕೊಡದಿರುವಷ್ಟು ಕಾಲ ಎಲ್ಲವೂ ಸುಸೂತ್ರವಾಗಿತ್ತು. 1994ರ ‘ಬ್ಲಡ್ ಓತ್’ ಕಂತಿನಲ್ಲಿ 1960ರ ದಶಕದ ಕೋರ್, ಕೊಲೊತ್, ಕಾಂಗ್ ಮೂವರೂ ಮುದುಕರಾಗಿ ಮರಳಿದರು. ಪಾತ್ರಧಾರಿಗಳೂ ಅದೇ ಮೂವರು. ಆದರೆ ಈಗ ಅವರ ಹಣೆಯಲ್ಲಿ ಏಣುಗಳಿದ್ದವು, ಅದರ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಇದು ರಾಡನ್‌ಬೆರಿಯವರ ನಿಲುವಿಗೆ ಹೊಂದುವಂಥ ನಡೆ.

ತೊಡಕು ಬಂದದ್ದು 1996ರ ನವೆಂಬರಿನಲ್ಲಿ. ಸರಣಿಯ ಮೂವತ್ತನೆಯ ವರ್ಷದ ಸಲುವಾಗಿ ವರ್ಫ್ ಆಗ ಸೇರಿಕೊಂಡಿದ್ದ ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಪಾತ್ರಗಳನ್ನು ಕಾಲದಲ್ಲಿ ಹಿಂದಕ್ಕೆ ಕಳಿಸಿ, 1967ರ ಟ್ರಿಬಲ್ ಕಂತಿನ ಹಳೆಯ ದೃಶ್ಯಗಳೊಳಗೇ ಅವರನ್ನು ಬೆಸೆದುಬಿಟ್ಟರು. ಅಲ್ಲಿಗೆ ಏಣು ಹಣೆಯ ವರ್ಫ್ ಮತ್ತು ನುಣುಪು ಹಣೆಯ ಕ್ಲಿಂಗಾನರು ಒಂದೇ ಚೌಕಟ್ಟಿಗೆ ಬಂದ ಹಾಗಾಯಿತು. ಇನ್ನು ಸುಮ್ಮನಿರುವಂತಿರಲಿಲ್ಲ. ಜೊತೆಯವರು ಬೆರಗಾಗಿ, ತಳಿ ತಿದ್ದುವ ಪ್ರಯೋಗವೋ, ವೈರಸ್ಸೋ ಎಂದು ಊಹಿಸುತ್ತ ವರ್ಫ್‌ನ ಮುಖ ನೋಡಿದಾಗ ಅವನು, ಅವರು ಕ್ಲಿಂಗಾನರೇ, ಅದೊಂದು ದೊಡ್ಡ ಕಥೆ, ಹೊರಗಿನವರ ಹತ್ತಿರ ನಾವು ಆ ವಿಷಯ ಮಾತಾಡುವುದಿಲ್ಲ ಎಂದು ಮುಖ ಬಿಗಿದುಕೊಂಡ. ಮನೆತನದ ಯಾವುದೋ ಹಳೆಯ ಸಂಗತಿಯನ್ನು ಮದುವೆ ಮನೆಯಲ್ಲಿ ಯಾರೋ ಕೆದಕಿದಾಗ ದೊಡ್ಡಪ್ಪಂದಿರು ಎಲೆಯಡಿಕೆ ತಟ್ಟೆಯನ್ನು ಆ ಕಡೆ ಸರಿಸುವ ಬಗೆಯದು ಆ ಉತ್ತರ. ನಗೆ ಉಕ್ಕಿಸುತ್ತದೆ, ಆದರೆ ಕ್ಲಿಂಗಾನರಿಗೆ ಒಂದು ನಾಚಿಕೆ ಇದೆ ಎಂಬುದನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಇಷ್ಟಕ್ಕೇ ನಿಲ್ಲಿಸಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ನಿಲ್ಲಿಸಲಿಲ್ಲ. 2005ರ ಫೆಬ್ರವರಿ 18 ಮತ್ತು 25ರಂದು ಬಂದ ‘ಎಂಟರ್‌ಪ್ರೈಸ್’ನ ಎರಡು ಕಂತುಗಳು ವೈರಸ್ಸಿನ ಕಥೆಯನ್ನು ಪೂರ್ತಿ ಬಿಡಿಸಿಟ್ಟವು. ಕಥೆಯ ಪಂಚಾಂಗದಲ್ಲಿ ಅದು 2154. ತಳಿ ತಿದ್ದಿ ಅತಿಬಲರನ್ನಾಗಿ ಸೃಷ್ಟಿಸಿದ ಮನುಷ್ಯರ ಭ್ರೂಣಗಳ ವಂಶವಾಹಿ ಕ್ಲಿಂಗಾನರ ಕೈಗೆ ಸಿಗುತ್ತದೆ. ಮನುಷ್ಯರು ತಮಗಿಂತ ಬಲಶಾಲಿಗಳಾಗಿಬಿಟ್ಟರೆ ಎಂಬ ಅಂಜಿಕೆಯಿಂದ ಅದನ್ನು ತಮ್ಮ ಸೈನಿಕರ ಮೇಲೆ ಪ್ರಯೋಗಿಸುತ್ತಾರೆ. ಪ್ರಯೋಗಕ್ಕೊಳಗಾದವರಲ್ಲಿ ಒಬ್ಬನಿಗೆ ಫ್ಲೂ ಜ್ವರ ಇರುತ್ತದೆ. ಅತಿಬಲದ ವಂಶವಾಹಿಯನ್ನು ಅಂಟಿಸಿಕೊಂಡ ಆ ಜ್ವರದ ವೈರಸ್ ಗಾಳಿಯಲ್ಲಿ ಹರಡಿ, ಮೊದಲು ಹಣೆಯ ಏಣನ್ನು ಕರಗಿಸಿ, ಆಮೇಲೆ ಜೀವವನ್ನೇ ತೆಗೆಯತೊಡಗುತ್ತದೆ. ಭೂಮಿಯ ಹಡಗಿನ ವೈದ್ಯ ಫ್ಲಾಕ್ಸ್ ಕೊನೆಗೆ ಕಂಡುಹಿಡಿಯುವ ಮದ್ದು ರೋಗವನ್ನು ಮೊದಲ ಹಂತದಲ್ಲೇ ತಡೆಯುತ್ತದೆ. ಜೀವ ಉಳಿಯುತ್ತದೆ, ಏಣು ಮರಳುವುದಿಲ್ಲ, ಆ ನುಣುಪು ಹಣೆ ಮಕ್ಕಳಿಗೂ ಬರುತ್ತದೆ. ಮದ್ದು ತಯಾರಿಸಲು ತನ್ನ ಮೈಯನ್ನೇ ಒಡ್ಡಿದ ಕ್ಯಾಪ್ಟನ್ ಆರ್ಚರ್‌ನ ಹಣೆಯಲ್ಲಿ ಸ್ವಲ್ಪ ಹೊತ್ತು ಏಣು ಮೂಡಿ ಮಾಯವಾಗುವುದು ಲೇಖಕರ ಚೇಷ್ಟೆ. ಕೊನೆಯಲ್ಲಿ ಕ್ಲಿಂಗಾನ್ ವೈದ್ಯನೊಬ್ಬ, ಇನ್ನು ಮೇಲೆ ತಲೆಬುರುಡೆ ತಿದ್ದುವ ಶಸ್ತ್ರಚಿಕಿತ್ಸೆಗೆ ಗಿರಾಕಿಗಳು ಹೆಚ್ಚಾದಾರು ಎಂಬರ್ಥದ ಮಾತಾಡುತ್ತಾನೆ. ಕೋರ್ ಮತ್ತವನ ಗೆಳೆಯರ ಮುಪ್ಪಿನ ಏಣುಗಳಿಗೆ ಒಂದು ಕಾರಣವನ್ನು ಊಹಿಸಿಕೊಳ್ಳಲು ಇಷ್ಟು ಸಾಕು.

ವಿವರಣೆ ಅಚ್ಚುಕಟ್ಟಾಗಿದೆ, ಒಪ್ಪೋಣ. ಆದರೆ ಅದು ವಿವರಿಸುವುದು ಹಣೆಯನ್ನು ಮಾತ್ರ. ಕುಟಿಲನಾಗಿದ್ದ ಕ್ಲಿಂಗಾನ್ ಮಾನವಂತನಾದದ್ದಕ್ಕೆ ಯಾವ ವೈರಸ್ಸೂ ಬೇಕಾಗಲಿಲ್ಲ, ಏಕೆಂದರೆ ಆ ಬದಲಾವಣೆಯನ್ನು ಬದಲಾವಣೆ ಎಂದು ಯಾರೂ ಎಣಿಸಲಿಲ್ಲ. ಹಗೆಯನ್ನು ಹತ್ತಿರದಿಂದ ನೋಡಿದಂತೆ ಅವನ ಒಳ್ಳೆಯ ಗುಣಗಳು ಕಂಡವು ಎಂದು ಎಲ್ಲರೂ ತಾವಾಗಿಯೇ ಅರ್ಥಮಾಡಿಕೊಂಡರು.

ಹಣೆಯನ್ನು ಕಥೆಯೊಳಗಿನವರೇ ಹೇಗೆ ನೋಡುತ್ತಾರೆ ಎಂಬುದನ್ನು ಹಿಡಿದ ಕಂತು ಒಂದಿದೆ, ಅದು ವೈರಸ್ಸಿನ ಎರಡೂ ಕಂತುಗಳಿಗಿಂತ ತೂಕದ್ದು. ‘ವಾಯೇಜರ್’ ಸರಣಿಯ ಬೆಲಾನಾ ಟೊರೆಸ್‌ಳ ತಾಯಿ ಕ್ಲಿಂಗಾನ್, ತಂದೆ ಮನುಷ್ಯ. ಅವಳ ಹಣೆಯ ಏಣು ಸಣ್ಣದು, ಮುಚ್ಚಿಡಲಾಗದಷ್ಟು ಮಾತ್ರ ದೊಡ್ಡದು. 2001ರ ‘ಲಿನಿಯೇಜ್’ ಕಂತಿನಲ್ಲಿ ಗರ್ಭಿಣಿಯಾದ ಅವಳು ತನ್ನ ಮಗಳ ಬಿಂಬದಲ್ಲಿ ಅದೇ ಏಣನ್ನು ಕಂಡು, ಹುಟ್ಟುವ ಮೊದಲೇ ಅದನ್ನು ತಳಿ ತಿದ್ದಿ ಅಳಿಸಿಬಿಡಬೇಕೆಂದು ಹಟ ಹಿಡಿಯುತ್ತಾಳೆ. ಚಿಕ್ಕವಳಿದ್ದಾಗ ತಂದೆ ಮನೆ ಬಿಟ್ಟುಹೋದದ್ದು ತನ್ನಿಂದಲೇ, ತನ್ನೊಳಗಿನ ಕ್ಲಿಂಗಾನ್‌ನಿಂದಲೇ ಎಂದು ಅವಳು ನಂಬಿರುತ್ತಾಳೆ. ಇಲ್ಲಿ ಏಣು ರಬ್ಬರಿನ ತುಂಡಾಗಿ ಉಳಿಯುವುದೇ ಇಲ್ಲ.

2013ರ ಸಿನಿಮಾದ ಕ್ಲಿಂಗಾನರ ಏಣುಗಳಲ್ಲಿ ಉಂಗುರ ಚುಚ್ಚಿದ್ದರು. ಆ ಸಿನಿಮಾ ಸರಣಿಯೇ ಬೇರೊಂದು ಕಾಲಧಾರೆಯದಾದ್ದರಿಂದ ಅದನ್ನು ಬದಿಗಿಡಬಹುದು. ದೊಡ್ಡ ಗಲಾಟೆಯಾದದ್ದು 2017ರ ‘ಡಿಸ್ಕವರಿ’ಯಿಂದ. ನೆವಿಲ್ ಪೇಜ್ ಮತ್ತು ಗ್ಲೆನ್ ಹೆಟ್ರಿಕ್ ರೂಪಿಸಿದ ಆ ಕ್ಲಿಂಗಾನರಿಗೆ ಹಿಂದಕ್ಕೆ ಚಾಚಿದ ಭಾರಿ ತಲೆಬುರುಡೆ, ಅದರ ಮೇಲೆ ಒಂದು ಎಳೆ ಕೂದಲೂ ಇಲ್ಲ. ಕ್ಲಿಂಗಾನರ ಕೂದಲು ಹೋದದ್ದಕ್ಕೆ ಅಭಿಮಾನಿಗಳು ಪಟ್ಟ ಸಂಕಟ 1979ರದಕ್ಕೆ ಕಡಿಮೆಯದಲ್ಲ. 2019ರ ಎರಡನೆಯ ಭಾಗದಲ್ಲಿ ಕೂದಲು ಮರಳಿತು. ಯುದ್ಧದ ಕಾಲದಲ್ಲಿ ಅವರು ತಲೆ ಬೋಳಿಸಿಕೊಳ್ಳುತ್ತಾರೆ ಎಂಬ ಸಮಜಾಯಿಷಿಯೂ ತಯಾರಕರಿಂದ ಬಂತು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುವ ನಾಡಿನವರಿಗೆ ಈ ಕಾರಣ ವೈರಸ್ಸಿಗಿಂತ ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ. ಆದರೆ ಆ ದಪ್ಪನೆಯ ಮುಖವಾಡದೊಳಗೆ ನಟರ ಕೆನ್ನೆ, ತುಟಿ ಅಲುಗುವುದೇ ಕಷ್ಟವಾಗಿದ್ದು ನಿಜವಾದ ದೋಷ. ನಮ್ಮ ಕಡೆಯ ಸೋಮನ ಕುಣಿತದ ಮರದ ಮುಖವಾಡ ಅಲುಗದಿದ್ದರೂ ನಡೆಯುತ್ತದೆ, ಸೋಮ ಸಂಭಾಷಣೆ ಹೇಳುವುದಿಲ್ಲ. ಈ ಕ್ಲಿಂಗಾನರು ಪುಟಗಟ್ಟಲೆ ಮಾತಾಡಬೇಕಾಗಿತ್ತು, ಅದೂ ಕ್ಲಿಂಗಾನ್ ಭಾಷೆಯಲ್ಲಿ.

ಆ ಭಾಷೆಯ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಎಲ್ಲ ಬದಲಾವಣೆಗಳ ನಡುವೆ ಹೆಚ್ಚು ಅಲುಗದೆ ನಿಂತದ್ದು ಅದೊಂದೇ. 1979ರ ಸಿನಿಮಾಕ್ಕೆ ನಟ ಜೇಮ್ಸ್ ಡೂಹನ್ ಕೆಲವು ಪದಗಳನ್ನು ಹುಟ್ಟುಹಾಕಿದ್ದರು. 1984ರ ಸಿನಿಮಾಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಅವುಗಳನ್ನೇ ತಳಪಾಯ ಮಾಡಿಕೊಂಡು ವ್ಯಾಕರಣ ಕಟ್ಟಿದರು. 1985ರಲ್ಲಿ ನಿಘಂಟು ಬಂತು. ಚಿತ್ರೀಕರಣದಲ್ಲಿ ನಟರು ತಪ್ಪಾಗಿ ಉಚ್ಚರಿಸಿದ ಕೆಲವನ್ನು ಅವರು ನಿಯಮವಾಗಿಯೇ ಸೇರಿಸಿಕೊಂಡದ್ದೂ ಉಂಟು. ಇಂಗ್ಲಿಷಿನವರ ನಾಲಿಗೆಗೆ ಅದು ಒರಟು ಭಾಷೆ. ನಮಗೆ ಅಷ್ಟಿಲ್ಲ. ಅದರಲ್ಲಿ ನಮ್ಮ ‘ಡ’ಕಾರವಿದೆ, ‘ಷ’ಕಾರವಿದೆ, ಎರಡೂ ನಾಲಿಗೆ ಮಡಚಿ ಹೇಳುವಂಥವೇ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತ ಹೋಗುವುದೂ ನಮ್ಮ ಹಾಗೆಯೇ. ಇನ್ನೂ ಸೊಗಸಾದದ್ದು ಬಹುವಚನ. ನಾವು ಹುಡುಗರು ಎನ್ನುತ್ತೇವೆ, ಮರಗಳು ಎನ್ನುತ್ತೇವೆ. ಮನುಷ್ಯರಿಗೆ ಒಂದು ಪ್ರತ್ಯಯ, ಉಳಿದವಕ್ಕೆ ಇನ್ನೊಂದು. ಕ್ಲಿಂಗಾನಿನಲ್ಲಿ ಮಾತಾಡಬಲ್ಲ ಜೀವಿಗಳಿಗೆ ‘ಪು’, ಉಳಿದವಕ್ಕೆ ‘ಮೇ’, ಇವೆರಡರ ಜೊತೆಗೆ ಮೈಯ ಅಂಗಗಳಿಗೆಂದೇ ‘ಡು’. ಆದರೆ ವಾಕ್ಯದ ಜೋಡಣೆಯಲ್ಲಿ ನಾವು ಎಡವುತ್ತೇವೆ. ಅಲ್ಲಿ ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ‘ಹಣ್ಣನ್ನು ತಿಂದ ಹುಡುಗ’ ಎಂದರೆ ನಾವು, ಸರಿ, ಆ ಹುಡುಗನಿಗೆ ಏನಾಯಿತು ಎಂದು ಮುಂದಿನ ಮಾತಿಗೆ ಕಾಯುತ್ತೇವೆ. ಕ್ಲಿಂಗಾನನಿಗೆ ಅಲ್ಲಿಗೇ ವಾಕ್ಯ ಮುಗಿದಿರುತ್ತದೆ. ಹುಡುಗ ಹಣ್ಣು ತಿಂದಾಯಿತು.

ಈ ಭಾಷೆಯನ್ನು ಏಣು ದಪ್ಪಗಿದ್ದವರೂ ತೆಳ್ಳಗಿದ್ದವರೂ ಬೋಳು ತಲೆಯವರೂ ಒಂದೇ ಸಮನಾಗಿ ಆಡಿದರು. ಹೊಸ ರೂಪವನ್ನು ಹೀಗಳೆದವರೂ 2017ರ ಕ್ಲಿಂಗಾನರ ಮಾತನ್ನು ನಿಘಂಟು ತೆಗೆದು ಒರೆಗೆ ಹಚ್ಚಬಹುದಾಗಿತ್ತು.

2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನ ಎರಡನೆಯ ಭಾಗಕ್ಕೆ ಕ್ಲಿಂಗಾನರು ಬಂದಾಗ 1990ರ ದಶಕದ ಹಣೆ, ಹಲ್ಲು, ಕೂದಲು ಎಲ್ಲವೂ ವಾಪಸು ಬಂದಿದ್ದವು. ಕಾರಣ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಅದೇ ಭಾಗದ ಸಂಗೀತಮಯ ಕಂತೊಂದರಲ್ಲಿ ಕ್ಲಿಂಗಾನ್ ದಳಪತಿಯೊಬ್ಬ ತನ್ನ ಪಡೆಯೊಂದಿಗೆ ಸಾಲಾಗಿ ನಿಂತು ಕುಣಿದು ಹಾಡುತ್ತಾನೆ. ಅಕ್ಕನ ಮಗ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದ. ಆಮೇಲೆ ನೋಟುಪುಸ್ತಕ ತೆಗೆದು, ನಾನು ಹೇಳಿದ ಎರಡು ಪಂಚಾಂಗಗಳಿಗೆ ಎರಡು ಕಾಲಂ ಎಳೆದು, ಕಥೆಯ ವರ್ಷದ ಪ್ರಕಾರ ಬರೆಯುತ್ತ ಬಂದ: 2151 ಏಣುಂಟು, 2154 ಜ್ವರ, 2256 ಏಣುಂಟು ಕೂದಲಿಲ್ಲ, 2259 ಎರಡೂ ಉಂಟು, 2267 ಏಣಿಲ್ಲ.

‘ಎಂಟೇ ವರ್ಷ, ಮಾವ. ಹಾಡಿದವರೆಲ್ಲ ಎಲ್ಲಿ ಹೋದರು?’ ಎಂದ.

ವೈರಸ್ ತಗಲಿದವರ ಮಕ್ಕಳೂ ತಗಲದವರ ಮಕ್ಕಳೂ ಒಂದೇ ಕಾಲದಲ್ಲಿ ಇದ್ದಿರಬಹುದು, ಗಡಿಯ ಹಡಗುಗಳಿಗೆ ಒಂದು ಬಗೆಯವರನ್ನೇ ಹಾಕಿರಬಹುದು ಎಂದೆ. ಅವನು ತಲೆಯಾಡಿಸಿದ, ಆದರೆ ಬರೆದುಕೊಳ್ಳಲಿಲ್ಲ. 2259 ಮತ್ತು 2267ರ ನಡುವೆ ಮೂರು ಗೆರೆ ಖಾಲಿ ಬಿಟ್ಟು ಪುಸ್ತಕ ಮುಚ್ಚಿದ.